ಗುರುವಾರ ಬರುತ್ತಿದ್ದ ಅಕ್ಕ

ಅಕ್ಕನ ಬಗ್ಗೆ ಚರ್ಚಿನ ಪತ್ರಿಕೆಗೆ ಏನಾದರೂ ಬರೆದುಕೊಡಬೇಕೆಂದು ನಮ್ಮ ಸಭಾಪಾಲಕರು ನನ್ನನ್ನೇ ಕೇಳಿದ್ದಾರೆ. ಪುತ್ತೂರಿನ ಈ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಮೋಟು ಗೋಡೆ ಮಾತ್ರ, ಅದಕ್ಕಾಗಿ ಕೇಳಿರಬಹುದು. ತೀರಿಹೋದವರ ಬಗ್ಗೆ ಎಲ್ಲರೂ ಬರೆಯುವ ಹಾಗೆ ಬರೆಯುವುದಾದರೆ ಅನ್ನ ಬೇಯುವಷ್ಟರಲ್ಲಿ ಮುಗಿಸಬಹುದು. ದೈವಭಕ್ತೆ, ಸರಳ ಜೀವಿ, ಎಲ್ಲರಿಗೂ ಬೇಕಾದವರು. ಹಾಗೆಯೇ ಒಂದು ಬರೆದೆ, ಓದಿ ನೋಡಿದೆ, ಹರಿದುಹಾಕಿದೆ. ಅಕ್ಕನ ಮೇಲೆ ನನಗೆ ಇದ್ದದ್ದು ಹೊಟ್ಟೆಕಿಚ್ಚು. ಅದನ್ನು ತೆಗೆದುಬಿಟ್ಟು ಬರೆದರೆ ಅದರಲ್ಲಿ ಅವರೂ ಇರುವುದಿಲ್ಲ, ನಾನೂ ಇರುವುದಿಲ್ಲ. ಹೆಸರು ಬರೆಯುವುದಿಲ್ಲ. ಓಣಿಗೆಲ್ಲ ಅವರು ಅಕ್ಕ, ನನಗೂ ಅಷ್ಟೆ.

ಅವರನ್ನು ಮಣ್ಣು ಮಾಡಿದ ದಿನ ಚರ್ಚಿನ ಅಂಗಳದಲ್ಲಿ ಚಪ್ಪಲಿ ಇಡಲು ಜಾಗವಿರಲಿಲ್ಲ. ಸುಳ್ಯದ ಸಭೆಯವರು ಬಂದಿದ್ದರು, ಕಡಬದವರು ಬಂದಿದ್ದರು. ಓಣಿಗೆ ಸ್ಕೂಟರಿನಲ್ಲಿ ಮೀನು ತರುವ ಮುಸ್ಲಿಂ ಬ್ಯಾರಿ ತನ್ನ ಮೀನಿನ ಪೆಟ್ಟಿಗೆಯನ್ನು ಗೇಟಿನ ಹೊರಗೆ ಬಿಟ್ಟು ಬಂದು ಗೋಡೆಗೆ ಒರಗಿ ನಿಂತಿದ್ದ. ಆಟೋ ಸ್ಟ್ಯಾಂಡಿನವರು ಅರ್ಧ ದಿನ ಆಟೋ ಓಡಿಸಲಿಲ್ಲವಂತೆ. ಒಬ್ಬ ವಿಧವೆ, ಮಗಳನ್ನು ಸುಳ್ಯಕ್ಕೆ ಮದುವೆ ಮಾಡಿಕೊಟ್ಟು, ಸೀರೆಗೆ ಫಾಲ್ ಹೊಲಿದು ಬದುಕಿದವರು, ಅವರಿಗೆ ಇಷ್ಟು ಜನ. ನಾನು ಕರವಸ್ತ್ರ ಹಿಡಿದುಕೊಂಡು ಒಂದು ಬದಿಯಲ್ಲಿ ನಿಂತು, ನನ್ನ ಸರದಿ ಬಂದಾಗ ಇದರಲ್ಲಿ ಯಾರ್ಯಾರು ಬರಬಹುದು ಎಂದು ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ಬ್ಯಾರಿ ಬರುವುದಿಲ್ಲ ಎಂಬುದು ಖಂಡಿತ.

ನಾನು ಈ ಓಣಿಗೆ ಸೊಸೆಯಾಗಿ ಬಂದಾಗ ಅಕ್ಕ ಎಂದರೆ ಎಲ್ಲರಿಗೂ ಹೆದರಿಕೆ. ಅವರ ಗಂಡ ಇದ್ದ ಕಾಲದಲ್ಲೂ ಮನೆಯಲ್ಲಿ ಕೇಳುತ್ತಿದ್ದದ್ದು ಒಂದೇ ಸ್ವರ. ನಮ್ಮ ಅತ್ತೆಯ ಜತೆಗೂ ನೀರಿನ ಪೈಪಿನ ವಿಷಯದಲ್ಲಿ ಜಗಳವಾಗಿ ಕೆಲವು ಸಮಯ ಮಾತಿರಲಿಲ್ಲ. ಆದರೆ ಅವರ ದೊಡ್ಡ ಜಗಳ ಇದ್ದದ್ದು ಕಡಬದ ಹತ್ತಿರ ಇದ್ದ ತಮ್ಮನ ಹೆಂಡತಿಯ ಜತೆ. ಅಕ್ಕನ ತಾಯಿ ಮಗನ ಮನೆಯಲ್ಲಿ ಕಾಯಿಲೆ ಬಿದ್ದಾಗ ಅಕ್ಕ ಇಲ್ಲಿಂದ ಮೀನಿನ ಸಾರು ಮಾಡಿ, ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ, ಸವಣೂರು ದಾರಿಯ ಬಸ್ಸಿನಲ್ಲಿ ತೆಗೆದುಕೊಂಡು ಹೋಗಿದ್ದರು. ಆ ಹೆಂಗಸು ಬಾಗಿಲಲ್ಲೇ ನಿಂತು, ಇಲ್ಲಿ ಯಾರೂ ಹಸಿದು ಕೂತಿಲ್ಲ ಎಂದು ಹೇಳಿ ಸಾರನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಅಕ್ಕ ಪಾತ್ರೆಯನ್ನು ಹಾಗೆಯೇ ವಾಪಸು ತಂದರು. ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ತಾಯಿ ತೀರಿಹೋದಾಗಲೂ ರಸ್ತೆಯಲ್ಲಿ ನಿಂತಿದ್ದು ಮೆರವಣಿಗೆಯ ಹಿಂದಿನಿಂದ ನಡೆದರು.

ನಮ್ಮ ಸಭೆಯಲ್ಲಿ ಒಂದು ಕ್ರಮ ಉಂಟು. ತಿಂಗಳಿಗೊಮ್ಮೆ ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರದ ಹಿಂದಿನ ಸಂಜೆ ಸಿದ್ಧತೆಯ ಆರಾಧನೆ ಇರುತ್ತದೆ. ಯಾರ ಜತೆಗಾದರೂ ಮನಸ್ತಾಪ ಇದ್ದವರು ಅದನ್ನು ಸರಿಮಾಡಿಕೊಂಡು ಮೇಜಿನ ಬಳಿಗೆ ಬರಬೇಕು ಎಂದು ಸಭಾಪಾಲಕರು ಹೇಳುತ್ತಾರೆ. ಎಲ್ಲರೂ ತಲೆ ತಗ್ಗಿಸಿ ಕೇಳುತ್ತೇವೆ. ಮರುದಿನ ಎಲ್ಲರೂ ಸಾಲಾಗಿ ಹೋಗುತ್ತೇವೆ. ಭಾಗದ ಜಾಗಕ್ಕಾಗಿ ಕೋರ್ಟಿನಲ್ಲಿರುವ ಅಣ್ಣ ತಮ್ಮಂದಿರು ಅಕ್ಕಪಕ್ಕ ಮೊಣಕಾಲೂರಿ ರೊಟ್ಟಿ ತೆಗೆದುಕೊಳ್ಳುವುದನ್ನು ನಾನೇ ನೋಡಿದ್ದೇನೆ. ಆ ಕ್ರಮವನ್ನು ಅಕ್ಷರಶಃ ಹಿಡಿದುಕೊಂಡವರು ಸಭೆಯಲ್ಲಿ ಅಕ್ಕ ಒಬ್ಬರೇ. ಪ್ರತಿ ಭಾನುವಾರ ಬರುತ್ತಿದ್ದರು, ಗಟ್ಟಿಯಾಗಿ ಹಾಡುತ್ತಿದ್ದರು. ನಾವೆಲ್ಲ ಮೇಜಿನ ಕಡೆಗೆ ಎದ್ದು ಹೋಗುವಾಗ ಮಾತ್ರ ಕೊನೆಯ ಬೆಂಚಿನಲ್ಲಿ ಒಬ್ಬರೇ ಕುಳಿತಿರುತ್ತಿದ್ದರು. ಎಷ್ಟೋ ವರ್ಷ. ಸಭಾಪಾಲಕರು ಬದಲಾದ ಹಾಗೆ ಒಬ್ಬೊಬ್ಬರೂ ಮನೆಗೆ ಬಂದು ಬುದ್ಧಿ ಹೇಳಿ ಹೋದರು.

ಅವಳ ಹತ್ರ ಮಾತಿಲ್ಲ ಎನ್ನುತ್ತಿದ್ದರಂತೆ ಅಕ್ಕ. ಹಾಗಾದರೆ ಮಾತಾಡಿ ಎಂದರೆ, ಅದು ನನ್ನಿಂದ ಆಗುವುದಿಲ್ಲ. ಅಂಥ ಮನಸ್ಸು ಕೊಡು ಎಂದು ದೇವರಲ್ಲಿ ಕೇಳಿಕೊಳ್ಳಿ ಎಂದರೆ, ಕೇಳಿದರೆ ಕೊಟ್ಟುಬಿಟ್ಟಾನು, ಅದಕ್ಕೇ ಕೇಳಿಲ್ಲ.

ನಾನಾದರೋ ಒಂದು ಸಲವೂ ಮೇಜು ತಪ್ಪಿಸಿದವಳಲ್ಲ. ನನಗೆ ಯಾರ ಜತೆಗೂ ಜಗಳವಿಲ್ಲ. ಜಗಳ ಮಾಡಲು ಪುರುಸೊತ್ತೂ ಇಲ್ಲ. ನನ್ನ ಪ್ರಾರ್ಥನೆ ಎಂದರೆ ದೇವರು ಮಾಡಿದ ಸಣ್ಣಸಣ್ಣ ಉಪಕಾರಗಳನ್ನು ಒಂದೊಂದಾಗಿ ಹೇಳಿಕೊಳ್ಳುವುದು. ಹಿಟ್ಟು ರುಬ್ಬಿ ಆಗುವವರೆಗೆ ಕರೆಂಟು ಹೋಗಲಿಲ್ಲ, ಸ್ತೋತ್ರ. ಅತ್ತೆಯ ಹಾಸಿಗೆ ಬಟ್ಟೆ ಒಗೆದ ದಿನ ಬಿಸಿಲು ಬಂತು, ಸ್ತೋತ್ರ. ಗ್ಯಾಸ್ ಮುಗಿದದ್ದು ಪಲ್ಯ ಇಳಿಸಿದ ಮೇಲೆ, ಸ್ತೋತ್ರ. ಹೀಗೆ ಹೇಳುತ್ತಾ ಹೋದರೆ ಮನಸ್ಸು ತಣ್ಣಗಾಗುತ್ತದೆ. ಆದರೆ ಅಕ್ಕನ ವಿಷಯಕ್ಕೆ ಬಂದಾಗ ಈ ಮದ್ದು ನಾಟಲಿಲ್ಲ.

ಒಂದು ದಿನ ಆ ತಮ್ಮನ ಹೆಂಡತಿ ಪುತ್ತೂರಿನ ಆಸ್ಪತ್ರೆಗೆ ದಾಖಲಾದಳು. ಹೊಟ್ಟೆಯ ಆಪರೇಷನ್. ಸುದ್ದಿ ತಂದದ್ದು ನಾನೇ, ತರಕಾರಿ ಅಂಗಡಿಯಿಂದ. ಅಕ್ಕ ಗೋಡೆಯ ಆಚೆ ಬಂಗುಡೆ ಕೊಯ್ಯುತ್ತಿದ್ದರು. ಕೇಳಿದಾಗ ಅವರ ಕತ್ತಿ ನಿಂತಿತು. ಮರುದಿನ ಬೆಳಿಗ್ಗೆ ನೋಡಿದರೆ ಅಕ್ಕ ಕ್ಯಾರಿಯರಿನಲ್ಲಿ ಗಂಜಿ ಹಾಕಿಕೊಂಡು ಹೊರಟಿದ್ದಾರೆ. ಆ ಹೆಂಗಸು ಗೋಡೆಯ ಕಡೆಗೆ ಮುಖ ತಿರುಗಿಸಿ ಮಲಗಿದಳಂತೆ. ಅಕ್ಕ ಗಂಜಿಯನ್ನು ಪಕ್ಕದ ಹಾಸಿಗೆಯ ಮುದುಕಿಗೆ ಕುಡಿಸಿ ಬಂದರು. ಮಾರನೇ ದಿನ ಮತ್ತೆ ಹೋದರು. ಅದರ ಮಾರನೇ ದಿನವೂ. ಪಕ್ಕದ ಮುದುಕಿ ಆ ಗಂಜಿಯಲ್ಲೇ ಗುಣವಾಗಿ ಮನೆಗೆ ಹೋದಳು ಎಂದು ಅಕ್ಕ ಆಮೇಲೆ ಹೇಳಿ ನಗುತ್ತಿದ್ದರು. ಹಾಸಿಗೆ ಖಾಲಿಯಾದ ದಿನ, ಗಂಜಿ ಯಾರಿಗೆ ಕೊಡುವುದು ಎಂದು ಅಕ್ಕ ಕ್ಯಾರಿಯರ್ ಹಿಡಿದು ಸುಮ್ಮನೆ ನಿಂತಿರುವಾಗ, ಆ ಹೆಂಗಸೇ ತಿರುಗಿ ಗಂಜಿಗೆ ಬಾಯಿ ತೆರೆದಳಂತೆ.

ಮುಂದಿನ ಕರ್ತನ ಭೋಜನದ ದಿನ ಅಕ್ಕ ಕೊನೆಯ ಬೆಂಚಿನಿಂದ ಎದ್ದರು. ಅವರು ಎದ್ದದ್ದನ್ನು ನೋಡಿ ಹಾಡುತ್ತಿದ್ದವರ ಸ್ವರವೇ ನಿಂತಿತು. ಸಭಾಪಾಲಕರ ಕಣ್ಣಲ್ಲಿ ನೀರು. ಆರಾಧನೆ ಮುಗಿದ ಮೇಲೆ ಎಲ್ಲರೂ ಅವರನ್ನು ಸುತ್ತಿಕೊಂಡರು, ಹೊಸ ಸೊಸೆಯನ್ನು ಸುತ್ತಿಕೊಂಡ ಹಾಗೆ. ನಾನೂ ಹೋಗಿ ಕೈ ಹಿಡಿದೆ. ಅವರು ತಮ್ಮ ಅಭ್ಯಾಸದಂತೆ ಮೊದಲು ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಆಮೇಲೆ ಕೈ ಕೊಟ್ಟರು. ಪ್ರತಿ ತಿಂಗಳು ಆ ಮೇಜಿಗೆ ಹೋಗಿ ಬರುವ ನನ್ನ ಕೈಯನ್ನು ಈವರೆಗೆ ಯಾರೂ ಹಾಗೆ ಹಿಡಿದಿರಲಿಲ್ಲ. ತಪ್ಪಿಹೋದ ಮಗ ಮನೆಗೆ ಬಂದಾಗ ತಂದೆ ಔತಣ ಮಾಡಿಸಿದ ಸಾಮ್ಯದ ಕಥೆಯನ್ನು ಸಭಾಪಾಲಕರು ವರ್ಷಕ್ಕೊಮ್ಮೆಯಾದರೂ ಹೇಳುತ್ತಾರೆ. ಆ ಔತಣದ ಅಡುಗೆ ಮಾಡಿದವರು ಯಾರು, ಅವರಿಗೆ ಕೂತು ಉಣ್ಣಲು ಸಿಕ್ಕಿತೇ ಎಂಬುದನ್ನು ಮಾತ್ರ ಯಾರೂ ಹೇಳಿದ್ದಿಲ್ಲ.

ಆಸ್ಪತ್ರೆಗೆ ಯಾಕೆ ಹೋದಿರಿ ಎಂದು ನಾನು ಒಮ್ಮೆ ಗೋಡೆಯ ಮೇಲಿನಿಂದ ಕೇಳಿದ್ದೆ.

“ನೀನು ಸುದ್ದಿ ಹೇಳಿದಾಗ ನನಗೆ ಎಂತ ಆಯ್ತು ಗೊತ್ತುಂಟಾ? ಖುಷಿ ಆಯ್ತು ಮಾರಾಯ್ತಿ,” ಎಂದರು. “ಆ ಖುಷಿ ನೋಡಿ ನನಗೇ ಹೆದರಿಕೆ ಆಯ್ತು. ಶಿಲುಬೆಯ ಕೆಳಗೆ ನಿಂತು ತಮಾಷೆ ಮಾಡಿದರಲ್ಲ, ಆ ಗುಂಪಿನಲ್ಲಿ ನಾನು ನಿಂತ ಹಾಗೆ ಕಂಡಿತು. ಇಷ್ಟು ವರ್ಷ ನಾನು ತಾಯಿ ಮರಿಯಳ ಬದಿಯಲ್ಲಿ ನಿಂತಿದ್ದೇನೆ ಅಂತ ಎಣಿಸಿದ್ದೆ.”

ಹಾಗೆಂದು ಅಕ್ಕ ಹತ್ತಿಯ ಹಾಗೆ ಮೆತ್ತಗಾದರು ಎಂದುಕೊಳ್ಳಬೇಡಿ. ಬ್ಯಾರಿಯ ಹತ್ತಿರ ಮೀನಿನ ಕಿವಿರು ಎತ್ತಿ ನೋಡಿ ಚೌಕಾಶಿ ಮಾಡುವುದು ನಿಲ್ಲಲಿಲ್ಲ. ಓಣಿಯ ಕೊನೆಯಲ್ಲಿ ಬಾಡಿಗೆಗೆ ಇದ್ದ ಹೆಂಗಸಿಗೆ ನಗರಸಭೆಯವರು ನೀರಿನ ಕನೆಕ್ಷನ್ ಕೊಡದೆ ಸತಾಯಿಸುತ್ತಿದ್ದಾಗ ಅಕ್ಕ ಅವಳನ್ನು ಕರೆದುಕೊಂಡು ಹೋಗಿ ಕಚೇರಿಯ ಬಾಗಿಲಲ್ಲಿ ಎತ್ತಿದ ಸ್ವರ ಪೇಟೆಯವರೆಗೆ ಕೇಳಿಸಿತ್ತು. ಹೊಸ ಜನ್ಮ ಆದ ಮೇಲೂ ಈ ಬಾಯಿ ಹೀಗೇ ಉಂಟಲ್ಲ ಅಕ್ಕ ಎಂದು ನಾನು ಚುಚ್ಚಿದೆ. ಬಾಯಿ ಹಳೇದೇ, ಅದಕ್ಕೆ ಕೆಲಸ ಮಾತ್ರ ಹೊಸದು ಸಿಕ್ಕಿದ್ದು ಎಂದರು. ಸಂಜೆ ಆ ಮಾತನ್ನು ನನ್ನ ಗಂಡ ಎರಡು ಸಲ ಹೇಳಿ ಮೆಚ್ಚಿಕೊಂಡರು. ನಾನು ಹೇಳಿದ ಯಾವ ಮಾತನ್ನೂ ಅವರು ಎರಡು ಸಲ ಹೇಳಿದ್ದು ನನಗೆ ನೆನಪಿಲ್ಲ.

ಸುಳ್ಯದಲ್ಲಿ ಒಮ್ಮೆ ಉಜ್ಜೀವನ ಕೂಟ ಇತ್ತು. ನಮ್ಮ ಸ್ತ್ರೀ ಸಂಘದವರೆಲ್ಲ ವ್ಯಾನು ಮಾಡಿಕೊಂಡು ಹೋಗಿದ್ದೆವು. ಹೊರಗಿನಿಂದ ಬಂದ ಪ್ರಸಂಗಿಗಳು ಗಟ್ಟಿ ಸ್ವರದವರು. ಹೊಸದಾಗಿ ಹುಟ್ಟಿದವರಿಗೆ ಹುಟ್ಟಿದ ದಿನ ಗೊತ್ತಿರಬೇಕು, ದಿನ ಗೊತ್ತಿಲ್ಲದವರು ಹುಟ್ಟೇ ಇಲ್ಲ ಎಂದು ಹೇಳಿ, ಒಬ್ಬೊಬ್ಬರನ್ನಾಗಿ ಎಬ್ಬಿಸಿ ಕೇಳತೊಡಗಿದರು. ನನಗೆ ಬೆವರು ಬಂತು. ಹುಟ್ಟಿದಾಗಿನಿಂದ ಚರ್ಚಿನಲ್ಲೇ ಬೆಳೆದವಳಿಗೆ ಅಂಥ ದಿನ ಯಾವುದು? ಕೇಳಿದರೆ ಹದಿಹರೆಯದಲ್ಲಿ ಸಭೆಗೆ ಸೇರಿಸಿಕೊಂಡ ದೃಢೀಕರಣದ ದಿನವನ್ನು ಹೇಳಿಬಿಡುವುದು ಎಂದು ತೀರ್ಮಾನಿಸಿದೆ. ನನ್ನ ಪಕ್ಕದಲ್ಲಿ ಕೂತಿದ್ದ ಅಕ್ಕನ ಸರದಿ ಮೊದಲು ಬಂತು.

“ನನಗೆ ಗೊತ್ತಿಲ್ಲ ಅಯ್ಯ,” ಎಂದರು ಅಕ್ಕ. “ನಾನು ಹುಟ್ಟಿದ್ದು ನನಗೆಲ್ಲಿ ನೆನಪುಂಟು? ಅಮ್ಮ ಹೇಳಿದ್ದನ್ನು ನಂಬಿದ್ದು. ಇದೂ ಹಾಗೇ, ನೋಡಿದವರು ಹೇಳ್ಬೇಕು. ನನ್ನ ತಮ್ಮನ ಹೆಂಡತಿಯನ್ನು ಕೇಳಿ, ಕಡಬದಲ್ಲಿ ಇದ್ದಾಳೆ.”

ಜನ ನಕ್ಕರು. ಪ್ರಸಂಗಿಗಳೂ ನಗಬೇಕಾಯಿತು. ಆಮೇಲೆ ಅವರು ಯಾರನ್ನೂ ಎಬ್ಬಿಸಲಿಲ್ಲ. ನಾನು ತಯಾರು ಮಾಡಿಟ್ಟ ಉತ್ತರ ನನ್ನಲ್ಲೇ ಉಳಿಯಿತು.

ಇನ್ನೊಂದು ಮಾತಂತೂ ನನ್ನ ಕೈಯಲ್ಲಿದ್ದದ್ದನ್ನೇ ಕಿತ್ತುಕೊಂಡಿತು. ಸಂಘದ ಕೂಟದಲ್ಲಿ ಒಬ್ಬರು ತಮ್ಮ ಗಂಡನ ಸಿಟ್ಟಿನ ವಿಷಯ ಹೇಳಿ, ಎಂತ ಮಾಡುವುದು, ದೇವರು ನನಗೆ ಕೊಟ್ಟ ಶಿಲುಬೆ ಅದು ಎಂದು ನಿಟ್ಟುಸಿರು ಬಿಟ್ಟರು. ಅಕ್ಕ ದಾರಕ್ಕೆ ಗಂಟು ಹಾಕುತ್ತಾ, ಗಂಡ ಶಿಲುಬೆ ಅಲ್ಲ, ಗಂಡ ಎಂದರು. ತಪ್ಪಿಸಿಕೊಳ್ಳಲು ಆಗದ್ದೆಲ್ಲ ಶಿಲುಬೆಯಾದರೆ ಮಂಡಿನೋವೂ ಶಿಲುಬೆಯೇ. ಬೇಡ ಎನ್ನಬಹುದಾಗಿತ್ತು, ಎದ್ದು ಹೋಗಬಹುದಾಗಿತ್ತು, ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೂ ಹೆಗಲು ಕೊಟ್ಟರೆ ಅದು ಶಿಲುಬೆ.

ಆ ಹೆಂಗಸಿಗೆ ಹೇಗಾಯಿತೋ ಗೊತ್ತಿಲ್ಲ. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಮ್ಮ ಅತ್ತೆ ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದರು. ತೊಳೆಯುವುದು, ಉಣಿಸುವುದು, ಮಗ್ಗುಲು ಬದಲಿಸುವುದು, ಎಲ್ಲ ನಾನೇ. ಇದು ನನ್ನ ಶಿಲುಬೆ ಎಂದು ನಾನು ದೇವರಲ್ಲಿ ಪ್ರತಿದಿನ ಹೇಳಿಕೊಂಡು ಒಂದು ಸಮಾಧಾನ ಮಾಡಿಕೊಂಡಿದ್ದೆ. ಈಗ ಅದೂ ಇಲ್ಲವಾಯಿತು.

ನನ್ನ ಹೊಟ್ಟೆಕಿಚ್ಚಿನ ಬೇರು ಇದ್ದದ್ದು ಅತ್ತೆಯ ಕೋಣೆಯಲ್ಲೇ. ಅತ್ತೆ ನನ್ನನ್ನು ಬೈದವರಲ್ಲ. ಆದರೆ ಸಂತೋಷದಿಂದ ನನ್ನ ಮುಖ ನೋಡಿದ್ದೂ ಇಲ್ಲ. ಇಷ್ಟು ಮಾಡಿದ್ದಕ್ಕೆ, ಸಾಯುವ ಮೊದಲು ಒಂದು ಸಲ, ಅವರು ನನ್ನನ್ನು ತನ್ನವಳೆಂದು ನೋಡಬೇಕು ಎಂಬುದೊಂದೇ ನನ್ನ ಆಸೆ. ಅದಕ್ಕಿಂತ ಹೆಚ್ಚಿನದನ್ನು ನಾನು ಕೇಳಿದವಳಲ್ಲ. ಆ ನೋಟ ಸಿಗುತ್ತಿದ್ದದ್ದು ಅಕ್ಕನಿಗೆ, ಪ್ರತಿ ಗುರುವಾರ.

ಗುರುವಾರ ಮಧ್ಯಾಹ್ನ ಅಕ್ಕ ಬರುತ್ತಿದ್ದರು. ಅವರ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಅತ್ತೆ ಕೂದಲು ಸರಿಮಾಡಿಕೊಳ್ಳುತ್ತಿದ್ದರು. ನನಗೆ ಚಹಾ ಇಡಲು ಹೇಳಿ ಬಾಗಿಲು ಅರ್ಧ ಎಳೆಸುತ್ತಿದ್ದರು. ಒಳಗೆ ಮೊದಲು ತುಳುವಿನಲ್ಲಿ ಗುಸುಗುಸು, ಹೆಚ್ಚಾಗಿ ಅತ್ತೆಯದ್ದೇ. ಆಮೇಲೆ ಅಕ್ಕನ ಒಂದು ಕೀರ್ತನೆ, ಪ್ರಾರ್ಥನೆ, ಮುಗಿಯಿತು. ಚಹಾ ತೆಗೆದುಕೊಂಡು ಹೋಗುವಾಗ ಅತ್ತೆಯ ಮುಖ ತೊಳೆದಿಟ್ಟ ಹಾಗೆ ಇರುತ್ತಿತ್ತು. ಗುರುವಾರ ಸಂಜೆ ಅವರು ಹಟ ಮಾಡದೆ ಗಂಜಿ ಕುಡಿಯುತ್ತಿದ್ದರು. ವಾರವಿಡೀ ಸೊಂಟ ಬಗ್ಗಿಸಿ ಕೆಲಸ ಮಾಡುವವಳು ನಾನು, ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕುಳಿತು ಹೋಗುವ ಅವರಿಗೆ ಆ ಮುಖ.

ಅಷ್ಟು ಹೊತ್ತು ಅತ್ತೆ ಎಂತ ಹೇಳುವುದು ಎಂದು ಒಮ್ಮೆ ಕೇಳಿಯೇ ಬಿಟ್ಟೆ. ಹಳೆಯ ಕಥೆಗಳು, ಮೆಟ್ಟಿಲು ಇಳಿಯುವಷ್ಟರಲ್ಲಿ ನನಗೂ ಮರೆತುಹೋಗುತ್ತದೆ ಎಂದರು ಅಕ್ಕ. ಚಹಾ ಕುಡಿದು, ಒಳ್ಳೇದುಂಟು ಎಂದು ಹೇಳಿ, ನನ್ನನ್ನು ಒಂದು ಗಳಿಗೆ ಸುಮ್ಮನೆ ನೋಡಿ ಹೊರಟುಹೋದರು.

ಇಷ್ಟರ ಮೇಲೆ ಶುಭ ಶುಕ್ರವಾರದ ವಿಷಯ ಬಂತು. ಆ ದಿನ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನಮ್ಮಲ್ಲಿ ಆರಾಧನೆ. ಕರ್ತನು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳನ್ನು ಸಭೆಯ ಏಳು ಮಂದಿಗೆ ಹಂಚಿಕೊಡುತ್ತಾರೆ. ಒಬ್ಬೊಬ್ಬರು ಒಂದೊಂದು ಮಾತಿನ ಮೇಲೆ ಪ್ರಸಂಗ ಮಾಡಬೇಕು. ಮೂರನೆಯದು ತಾಯಿಯ ಮಾತು. ಸಾಯುವ ಹೊತ್ತಿನಲ್ಲಿ ಮಗ ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸಿದ ಮಾತು. ಅದು ಸ್ತ್ರೀ ಸಂಘದ ಪಾಲು, ಸಂಘದೊಳಗೆ ನನ್ನ ಪಾಲು. ವರ್ಷವಿಡೀ ಅಡುಗೆಮನೆಯಲ್ಲಿ ಇರುವವಳು ಆ ಒಂದು ದಿನ ಬಿಳಿ ಸೀರೆ ಉಟ್ಟು ಎಲ್ಲರ ಎದುರು ನಿಲ್ಲುತ್ತಿದ್ದೆ. ಶುಭ ಶುಕ್ರವಾರಕ್ಕೆ ಮೊದಲಿನ ಶ್ರಮಕಾಲ ಶುರುವಾದರೆ ಸಾಕು, ಪಾತ್ರೆ ತೊಳೆಯುವಾಗಲೂ ಬಾಯಲ್ಲಿ ಅದೇ.

ಎರಡು ವರ್ಷದ ಹಿಂದೆ ಸಭಾಪಾಲಕರು, ಈ ಸಲ ಹೊಸ ಸ್ವರ ಕೇಳುವ ಎಂದು ಮೂರನೆಯ ಮಾತನ್ನು ಅಕ್ಕನಿಗೆ ಕೊಟ್ಟರು. ಒಳ್ಳೆಯದಾಯಿತು ಎಂದು ನಾನು ನಗುತ್ತಲೇ ಹೇಳಿದೆ. ಮನೆಗೆ ಬಂದು, ಬೆಳ್ಳಗಿದ್ದ ಪಾತ್ರೆಗಳನ್ನೇ ಮತ್ತೆ ತಿಕ್ಕಿದೆ.

ಆ ಶುಕ್ರವಾರ ಅಕ್ಕ ಕೈಯಲ್ಲಿ ಏನೂ ಇಲ್ಲದೆ ಎದ್ದು ಹೋದರು. ಮೈಕಿನಿಂದ ಸ್ವಲ್ಪ ದೂರವೇ ನಿಂತರು.

“ನನಗೆ ಪ್ರಸಂಗ ಬರುದಿಲ್ಲ,” ಎಂದರು. “ಅವನು ಅಷ್ಟು ನೋವಿನಲ್ಲಿ ಇರುವಾಗ ಅಮ್ಮನಿಗೆ ಇನ್ನು ಊಟ ಹಾಕುದು ಯಾರು ಅಂತ ಯೋಚನೆ ಮಾಡಿದ. ನನಗೆ ಸ್ವಲ್ಪ ನೋವಾದಾಗ ನಾನು, ಆ ಇನ್ನೊಬ್ಬಳ ಮನೆಯಲ್ಲಿ ಅನ್ನ ಬೇಯಬಾರದು ಅಂತ ಯೋಚನೆ ಮಾಡಿದ್ದೆ. ನನಗೂ ಅವನಿಗೂ ಇರುವ ದೂರ ಅಷ್ಟು. ಆ ದೂರವನ್ನು ಅವನು ನಡೆದದ್ದು, ನಾನಲ್ಲ. ಮತ್ತೆ, ತಾಯಿಯನ್ನು ಮನೆಗೆ ಕರೆದುಕೊಂಡು ಹೋಗಿ ನೋಡಿಕೊಳ್ಳುದು ಹೇಗೆ ಅಂತ ನನ್ನನ್ನು ಕೇಳಬೇಡಿ. ನಾನು ನನ್ನ ಅಮ್ಮನನ್ನು ನೋಡಿಕೊಂಡವಳಲ್ಲ. ಅದು ಗೊತ್ತಿರುವವಳು ಇಲ್ಲಿ ಒಬ್ಬಳು ಉಂಟು.”

ಹೇಳಿ ನೇರ ನನ್ನ ಕಡೆಗೆ ಕೈ ತೋರಿಸಿದರು. ಮತ್ತೇನೂ ಹೇಳದೆ ಬಂದು ಕೂತರು. ಇಡೀ ಸಭೆ ತಿರುಗಿ ನನ್ನನ್ನು ನೋಡಿತು.

ಸಂತೋಷವಾಗಬೇಕಿತ್ತು ಅಲ್ಲವೇ? ಮೂರು ಗಂಟೆಗೆ ಆರಾಧನೆ ಮುಗಿದು ಹೊರಗೆ ಬರುವಾಗ ಎಲ್ಲರ ಬಾಯಲ್ಲೂ ಅಕ್ಕನದೇ ಮಾತು. ಎಂಥ ದೀನತೆ, ತನಗೆ ಸಿಕ್ಕ ಅವಕಾಶದಲ್ಲಿ ಇನ್ನೊಬ್ಬರನ್ನು ಎತ್ತಿ ಹಿಡಿದರು ನೋಡಿ ಎನ್ನುತ್ತಿದ್ದರು. ಹೊಗಳಿಸಿಕೊಂಡವಳು ನಾನು, ಹೊಗಳಿಕೆ ಹೋದದ್ದು ಅವರಿಗೆ. ಒಬ್ಬ ಹಿರಿಯರು ಮಾತ್ರ ಗೇಟಿನ ಹತ್ತಿರ, ನಿಮ್ಮ ವಿಷಯವೂ ಬಂತಲ್ಲ ಎಂದು ನನಗೆ ಸಮಾಧಾನ ಹೇಳುವ ಹಾಗೆ ಹೇಳಿದರು.

ಮರುವರ್ಷ ತಾಯಿಯ ಮಾತನ್ನು ನಿನಗೇ ಕೊಡಲು ಹೇಳಿದ್ದೇನೆ ಎಂದು ಅಕ್ಕ ಗೋಡೆಯ ಮೇಲಿನಿಂದ ಹೇಳಿದರು. ಬೇಡ ಎನ್ನುವಷ್ಟು ದೀನತೆ ನನ್ನಲ್ಲಿರಲಿಲ್ಲ. ತೆಗೆದುಕೊಂಡೆ, ಚೆನ್ನಾಗಿಯೇ ಮಾತನಾಡಿದೆ. ಯಾರೂ ನೆನಪಿಟ್ಟುಕೊಂಡಿಲ್ಲ.

ಈ ಮಳೆಗಾಲ ಕಳೆದ ಮೇಲೆ ಅಕ್ಕ ತೀರಿಹೋದರು. ಬೆಳಿಗ್ಗೆ ಎದೆ ಹಿಡಿದುಕೊಂಡಿತು ಎಂದರು, ಆಟೋ ಬರುವಷ್ಟರಲ್ಲಿ ಮುಗಿದಿತ್ತು. ಗೋಡೆಯ ಈಚೆಯಿಂದ ಓಡಿಹೋಗಿ ಅವರ ತಲೆ ಹಿಡಿದುಕೊಂಡವಳು ನಾನು. ಕಡಬದಿಂದ ಬಂದ ಆ ತಮ್ಮನ ಹೆಂಡತಿ ಶವಪೆಟ್ಟಿಗೆಯ ಕಾಲಬುಡದಲ್ಲಿ ನೆಲಕ್ಕೆ ಕುಳಿತು ಅತ್ತ ಹಾಗೆ ಒಡಹುಟ್ಟಿದವರೂ ಅಳಲಾರರು. ಅದನ್ನು ನೋಡಿಯೂ ನನಗೆ ಕಿಚ್ಚೇ.

ಅತ್ತೆಗೆ ಹೇಳುವುದು ಬೇಡ, ಅಮ್ಮ ತಡೆದುಕೊಳ್ಳಲಾರರು ಎಂದು ನನ್ನ ಗಂಡ ಹೇಳಿದರು. ಗುರುವಾರ ಬಂತು. ಅಕ್ಕ ಬರಲಿಲ್ಲವೇ ಎಂದು ಅತ್ತೆ ಕೇಳಿದರು. ಕಾಲು ನೋವಂತೆ ಎಂದೆ. ಮುಂದಿನ ಗುರುವಾರ, ಮಗಳ ಮನೆಗೆ ಸುಳ್ಯಕ್ಕೆ ಹೋಗಿದ್ದಾರಂತೆ ಎಂದೆ. ಅತ್ತೆ ಗಂಜಿಯನ್ನು ಅರ್ಧಕ್ಕೆ ನಿಲ್ಲಿಸತೊಡಗಿದರು. ನನ್ನ ಕೈಯಿಂದ ತಿನ್ನುವುದೇ ಕಡಿಮೆಯಾಯಿತು. 

ಕಳೆದ ಗುರುವಾರ ಮಧ್ಯಾಹ್ನ ಒಲೆಯಲ್ಲಿ ಕುಚ್ಚಲಕ್ಕಿ ಇಟ್ಟು ಬಂದು ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಇವತ್ತು ಯಾವ ಸುಳ್ಳು ಹೇಳಲಿ ಎಂದು ಯೋಚಿಸುತ್ತಿದ್ದೆ. ಅತ್ತೆಯೇ ಮಾತು ತೆಗೆದರು.

“ಅವಳನ್ನು ಯಾವ ಸೀರೆ ಉಡಿಸಿ ಕಳಿಸಿದಿರಿ?”

ನಿಮಗೆ ಹೇಗೆ ಗೊತ್ತಾಯಿತು ಎಂದೆ.

“ಚರ್ಚಿನಲ್ಲಿ ಸಾವಿನ ಗಂಟೆ ಕೇಳಿತು. ನಿಮ್ಮಿಬ್ಬರ ಮುಖವೂ ನೋಡಿದೆ. ನನ್ನ ಸೊಂಟ ಮುರಿದದ್ದು, ಕಿವಿ ಅಲ್ಲ.”

ಬಿಳಿ ಸೀರೆ, ನೀಲಿ ಅಂಚಿನದು ಎಂದೆ. ಅತ್ತೆ ತಲೆಯಾಡಿಸಿದರು. ಕಣ್ಣಿನ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು, ಒರೆಸಿದೆ. ನಾನು ಸತ್ತರೆ ಇವರು ಹೀಗೆ ಅತ್ತಾರೇ ಎಂದು ಆಗಲೂ ಮನಸ್ಸಿಗೆ ಬಂತು. ಎಷ್ಟೋ ದಿನದಿಂದ ಗಂಟಲಲ್ಲಿ ಇದ್ದದ್ದು ಹೊರಗೇ ಬಂದುಬಿಟ್ಟಿತು. ದಿನಾ ಮಾಡುವವಳು ನಾನು ಅಲ್ಲವೇ ಅತ್ತೆ, ಅವರು ಬಂದರೆ ಮಾತ್ರ ನಿಮಗೆ ಅಷ್ಟು ಸಂತೋಷ ಯಾಕೆ ಎಂದು ಕೇಳಿದೆ.

“ಮಾಡುದು ನೀನೇ. ಅದಕ್ಕೇ,” ಎಂದರು ಅತ್ತೆ. “ನಿನ್ನ ದೂರು ಹೇಳ್ಲಿಕ್ಕೆ ನನಗೆ ಯಾರಿದ್ದಾರೆ? ಮಗನ ಹತ್ರ ಹೇಳಿದ್ರೆ ಮನೆಯಲ್ಲಿ ಜಗಳ. ಸಂಘದವರ ಹತ್ರ ಹೇಳಿದ್ರೆ ಊರಿಗೇ ಗೊತ್ತು. ಅವಳ ಹತ್ರ ಹೇಳ್ತಿದ್ದೆ.”

ಪ್ರತಿ ಗುರುವಾರ ಒಳಗೆ ನಡೆಯುತ್ತಿದ್ದದ್ದು ನನ್ನ ವಿಚಾರಣೆ. ಅದಕ್ಕೆ ಚಹಾ ಮಾಡಿ ಕೊಡುತ್ತಿದ್ದವಳೂ ನಾನೇ.

ಅಕ್ಕ ಎಂತ ಹೇಳುತ್ತಿದ್ದರು ಎಂದು ಕೇಳಿದೆ.

“ಎಂತದೂ ಇಲ್ಲ. ನೀನು ಒಳ್ಳೆಯವಳು ಅಂತ್ಲೂ ಹೇಳ್ಲಿಲ್ಲ, ಕೆಟ್ಟವಳು ಅಂತ್ಲೂ ಹೇಳ್ಲಿಲ್ಲ. ಕೇಳ್ತಿದ್ದಳು. ಮುಗಿಯಿತಾ ಅಮ್ಮ ಅಂತ ಕೊನೆಗೆ ಕೇಳ್ತಿದ್ದಳು. ಮುಗಿಯಿತು ಅಂದ್ರೆ ಹಾಡ್ತಿದ್ದಳು. ಮತ್ತೆ ಒಂದೆರಡು ದಿನ ನಿನ್ನ ಕೈಯ ಅನ್ನ ನನಗೆ ಸಲೀಸಾಗಿ ಇಳಿಯುತ್ತಿತ್ತು.”

ಎಣ್ಣೆಯ ಬಾಟಲಿ ಹಿಡಿದುಕೊಂಡು ಹಾಗೆಯೇ ನಿಂತೆ. ನನ್ನ ಎಲ್ಲ ದೋಷಗಳನ್ನು ಕೇಳಿ ತಿಳಿದವರು ಓಣಿಯಲ್ಲಿ ಒಂದು ಅಕ್ಷರ ಬಾಯಿಬಿಡಲಿಲ್ಲ. ಆ ಶುಭ ಶುಕ್ರವಾರದ ಹಿಂದಿನ ದಿನವೂ, ಗುರುವಾರ, ಇದೇ ಕುರ್ಚಿಯಲ್ಲಿ ಕುಳಿತು ಅಷ್ಟನ್ನೂ ಕೇಳಿ, ಮರುದಿನ ಸಭೆಯ ಎದುರು ನನ್ನ ಕಡೆಗೆ ಕೈ ತೋರಿಸಿದ್ದರು. ಇಷ್ಟು ವರ್ಷ ಅವರ ಮೇಲೆ ಪಟ್ಟ ಹೊಟ್ಟೆಕಿಚ್ಚೆಲ್ಲ ಆ ಒಂದು ಗಳಿಗೆಯ ಕಿಚ್ಚಿನ ಮುಂದೆ ಏನೂ ಅಲ್ಲ. ನನ್ನಿಂದ ಅದು ಆಗುತ್ತಿತ್ತೇ? ಇಲ್ಲ. ಅವರಿಂದ ಆಯಿತು. ಅದೇ ಉರಿ.

ಅನ್ನ ನೋಡಿ ಬರುತ್ತೇನೆ ಎಂದು ಹೊರಟುಹೋಗಬಹುದಿತ್ತು. ಒಲೆಯಲ್ಲಿ ಅನ್ನ ಇದ್ದದ್ದು ನಿಜವೇ.

“ಇನ್ನು ನನ್ನ ಹತ್ರವೇ ಹೇಳಿ ಅತ್ತೆ,” ಎಂದೆ.

“ನಿನ್ನ ದೂರು ನಿನ್ನ ಹತ್ರವಾ? ನೀನು ಉತ್ತರ ಕೊಡ್ತೀಯ.”

“ಕೊಡುದಿಲ್ಲ.”

ಅತ್ತೆ ನನ್ನನ್ನು ತೂಗುವ ಹಾಗೆ ನೋಡಿದರು. ಆಮೇಲೆ ಶುರುಮಾಡಿದರು. ತಲೆ ಬಾಚುವುದು ಕರುವನ್ನು ಗೂಟಕ್ಕೆ ಕಟ್ಟುವ ಹಾಗಂತೆ. ಗಂಜಿ ಒಂದೋ ಸುಡುತ್ತದೆ, ಇಲ್ಲ ಆರಿರುತ್ತದೆ. ಮಲದ ಪಾತ್ರೆ ತೆಗೆಯುವಾಗ ಮುಖ ತಿರುಗಿಸುತ್ತೇನಂತೆ. ಫೋನಿನಲ್ಲಿ ನನ್ನ ತಂಗಿಯ ಹತ್ತಿರ, ನಮ್ಮ ಅತ್ತೆಯದ್ದು ಹೀಗೆ ಹೀಗೆ ಎಂದು ಹೇಳುವುದು ಅವರಿಗೆ ಕೇಳಿಸುತ್ತದಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಅವರ ಕಿವಿಯ ಓಲೆ ಕಾಣೆಯಾದದ್ದು ನನ್ನ ಕಸಗುಡಿಸುವ ಗಡಿಬಿಡಿಯಿಂದಲೇ ಅಂತೆ. ಅದು ಸುಳ್ಳು, ಅವರೇ ಬಚ್ಚಲಿನಲ್ಲಿ ಬಿಟ್ಟದ್ದು. ಒಂದೊಂದಕ್ಕೂ ನನ್ನಲ್ಲಿ ಉತ್ತರ ಉಂಟು, ನಾಲಗೆಯ ತುದಿಗೆ ಬಂದು ನಿಂತಿತ್ತು. ಹಲ್ಲು ಕಚ್ಚಿ ಕಾಲು ತಿಕ್ಕಿದೆ.

“ನೀನು ಬರುದು ಕೆಲಸ ಮುಗಿಸ್ಲಿಕ್ಕೆ,” ಎಂದರು ಅತ್ತೆ. “ನನ್ನ ಹತ್ರ ಅಂತ ಒಂದು ದಿನ ಬರಲಿಲ್ಲ.”

ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿ ಕೆಳಗಿಟ್ಟೆ.

ಅಡುಗೆಮನೆಯಿಂದ ಅನ್ನದ ತಳ ಹಿಡಿಯುವ ವಾಸನೆ ಬರತೊಡಗಿತು. ಅತ್ತೆಗೂ ಬಂದಿರಬೇಕು, ಮೂಗು ಅರಳಿಸಿದರು.

“ಮುಗಿಯಿತಾ ಅತ್ತೆ?” ಎಂದೆ.

“ಇಲ್ಲ,” ಎಂದರು.

ಅನ್ನ ಸೀದರೆ ಸೀಯಲಿ ಎಂದು ಅವರ ಹಾಸಿಗೆಯ ಅಂಚಿನಲ್ಲಿ ಕುಳಿತುಕೊಂಡೆ. ಅತ್ತೆ ನನಗೆ ಜಾಗವಾಗುವಂತೆ ಕಾಲನ್ನು ಸ್ವಲ್ಪ ಒಳಗೆ ಎಳೆದುಕೊಂಡರು.